ಮಂದಿ ಬಂತು

ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ತಾಲ್ಲೂಕುಗಳಲ್ಲಿ ನನ್ನ ಶಾಯಿ ತಾಗದೆ ಯಾರ ಕೊರಳಿಗೂ ತಾಳಿ ಬಿದ್ದಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಅಚ್ಚು ಹಾಕಿದ ಲಗ್ನಪತ್ರಿಕೆಗಳನ್ನು ಒಂದರ ಪಕ್ಕ ಒಂದು ಹಾಸಿದರೆ, ಆಳಂದದಿಂದ ಹೊರಟವನು ಕಾಲಿಗೆ ಧೂಳು ತಾಗದಂತೆ ಇಜೇರಿ ಮುಟ್ಟಬಹುದು. ತಿರುಗಿ ಬರುವಾಗ ಹಳೆಯದನ್ನು ತುಳಿಯುವ ಕಾರಣವೂ ಇಲ್ಲ, ಬೇರೆ ಹಾಸಿರುತ್ತದೆ. ನನ್ನ ಪ್ರೆಸ್ಸು ಹತ್ತು ಅಡಿ ಅಗಲದ ಮಳಿಗೆ. ಆದರೆ ಅದರೊಳಗೆ ಮೂರು ತಾಲ್ಲೂಕಿನ ಅಜ್ಜ, ಮುತ್ತಜ್ಜ, ಸೋದರಮಾವ, ಷಡ್ಡಕ ಎಲ್ಲರೂ ಹಿಡಿಸುತ್ತಾರೆ. ಯಾರ ಹೆಸರು ಯಾರ ಮೇಲೆ ಬರಬೇಕು, ಯಾರ ಹೆಸರು ಬಿಟ್ಟರೆ ಯಾರ ತಲೆ ಒಡೆಯುತ್ತದೆ ಎಂಬುದು ನನಗೆ ಗೊತ್ತಿದ್ದಷ್ಟು ಹಣೆಬರಹ ಬರೆಯುವವನಿಗೂ ಗೊತ್ತಿರಲಿಕ್ಕಿಲ್ಲ.

ವ್ಯಾಕರಣದಲ್ಲೂ ನಾನು ಯಾರಿಗೂ ಸೋತವನಲ್ಲ. ನಿವೃತ್ತ ಮಾಸ್ತರರಾದ ಧರ್ಮರಾಜ ಅವರು ಒಮ್ಮೆ ಮಗಳ ಲಗ್ನಪತ್ರಿಕೆಯ ಪ್ರೂಫ್ ನೋಡಿ ಒಂದು ಸಾಲಿನ ಕೆಳಗೆ ಕೆಂಪು ಗೀಟು ಎಳೆದರು. ‘ಊರ ದೈವ ಸ್ವಾಗತ ಕೋರುತ್ತಾರೆ’ ಎಂದು ನಾನು ಹಾಕಿದ್ದೆ. ನಮ್ಮ ಕಡೆ ದೈವ ಎಂದರೆ ಕೂಡಿ ಕುಳಿತ ಊರ ಮಂದಿ.

“ದೈವ ಅನ್ನೋದು ಒಂದು ಪದ. ಏಕವಚನ. ‘ಕೋರುತ್ತದೆ’ ಅಂತ ತಿದ್ದು ಕಲ್ಲಿನಾಥ,” ಎಂದರು.

“ಪದ ಒಂದ ಇರಬಹುದ್ರಿ ಮಾಸ್ತರ. ಅದರ ಹಿಂದ ನಾಲ್ಕನೂರು ಮೀಸಿ ಅದಾವ. ಕೈ ಮುಗಿಯೋದು ಪದ ಅಲ್ರಿ, ಆ ಮೀಸಿಯವರು.”

“ನಿನಗ ಕಣ್ಣಿಗೆ ಪದ ಕಾಣಂಗಿಲ್ಲೇನು?”

“ಮಾರಿ ಕಾಣ್ತಾವ್ರಿ.”

ಪತ್ರಿಕೆ ‘ಕೋರುತ್ತಾರೆ’ ಎಂದೇ ಅಚ್ಚಾಯಿತು. ಮದುವೆಗೆ ಎಂಟು ಸಾವಿರ ಮಂದಿ ಬಂದರು. ಮಾಸ್ತರರು ಎಂಟುನೂರು ಎನ್ನುತ್ತಾರೆ; ಅವರ ಎಣಿಕೆಯೂ ಏಕವಚನದ್ದೇ. ಪದ ಒಂದಾಗಿದ್ದರೂ ಅದರ ಹಿಂದಿನ ಮುಖಗಳನ್ನು ನೋಡು, ಕ್ರಿಯಾಪದ ತಾನಾಗಿ ಬರುತ್ತದೆ. ಇದು ನನ್ನ ನಿಯಮ. ಕಳೆದ ಬೇಸಿಗೆಯ ಒಂದು ಮಧ್ಯಾಹ್ನದ ತನಕ ಅದು ತಪ್ಪಿರಲಿಲ್ಲ.

ಅಂದು ನಾನು ಮತ್ತು ಅಲ್ತಾಫ ಇಜೇರಿಗೆ ಒಂದು ಮದುವೆಯ ಪತ್ರಿಕೆ ಮುಟ್ಟಿಸಿ ಅಫಜಲಪುರದ ಕಡೆ ತಿರುಗಿದ್ದೆವು. ಅಲ್ತಾಫ ಹನ್ನೊಂದು ವರ್ಷದಿಂದ ನನ್ನ ಮಷೀನು ನಡೆಸುವವನು, ನನ್ನ ಬಿಳಿ ವ್ಯಾನು ಓಡಿಸುವವನೂ ಅವನೇ. ವ್ಯಾನಿನಲ್ಲಿ ಇನ್ನೂ ಮೂರು ಬಂಡಲ್ ಇದ್ದವು. ಮೂರೂ ಜವಳದ ಪತ್ರಿಕೆ, ಎಂದರೆ ಕೂಸಿನ ಮೊದಲ ಕೂದಲು ತೆಗೆಸುವ ಕಾರ್ಯಕ್ರಮದ ಕರೆ. ಒಂದು ಹಿರೋಳ್ಳಿಗೆ, ಒಂದು ಮಾದನಹಿಪ್ಪರಗಾಕ್ಕೆ, ಎಲ್ಲದರ ಕೆಳಗಿದ್ದ ಮೂರನೆಯದು ದಾರಿಯಲ್ಲಿ ಸಿಗುವ ಒಂದು ಊರಿಗೆ. ಆ ಊರ ಹೆಸರು ಹೇಳುವುದಿಲ್ಲ. ಅವರ ಮನೆಗಳಲ್ಲಿ ಇನ್ನೂ ಮದುವೆಗೆ ಬಂದ ಮಕ್ಕಳಿದ್ದಾರೆ, ನನ್ನ ಪ್ರೆಸ್ಸೂ ನಡೆಯಬೇಕು.

ಆ ಬಂಡಲ್ ಕೊಡಬೇಕಾದದ್ದು ಶಿವರಾಯ ಎಂಬವನಿಗೆ. ಅವನ ಫೋನ್ ಬಂದ್ ಆಗಿತ್ತು. ಆ ಊರಲ್ಲಿ ಕಲ್ಲು ಒಗೆದರೆ ಒಬ್ಬ ಶಿವರಾಯನಿಗೆ ಬಡಿದು ಇನ್ನೊಬ್ಬ ಶಿವರಾಯನ ಮೇಲೆ ಬೀಳುತ್ತದೆ, ಅಷ್ಟು ಶಿವರಾಯರು.

“ಫೋಟೋ ತೋರಿಸಿ ಕೇಳ್ತೇನಿ ಕಲ್ಲಣ್ಣ,” ಎಂದ ಅಲ್ತಾಫ. “ಕೂಸಿನ ಮಾರಿ ಊರಿಗೆಲ್ಲ ಗೊತ್ತಿರ್ತದ.”

ಅವನ ಫೋನಿನಲ್ಲಿದ್ದ ಆ ಫೋಟೋ ನನ್ನ ಕೈಕೆಲಸ. ಶಿವರಾಯ ಕಳಿಸಿದ್ದು ಮೂಗು ಸುರಿಸಿಕೊಂಡು ಅಳುತ್ತಿದ್ದ ಒಂದು ಕಪ್ಪು ಕೂಸಿನ ಚಿತ್ರ. ನಾನು ಕಂಪ್ಯೂಟರಿನಲ್ಲಿ ಮೂಗು ಒರೆಸಿ, ಮೈಗೆ ಕೆನೆಯ ಬಣ್ಣ ಕೊಟ್ಟು, ತಲೆಗೆ ಕಿರೀಟ ಇಟ್ಟು, ಹಿಂದೆ ಹಿಮದ ಬೆಟ್ಟ ನಿಲ್ಲಿಸಿದ್ದೆ. ಹೆತ್ತವಳೂ ಗುರುತಿಸಲಾರಳು ಎಂದು ಎರಡು ದಿನ ಹೇಳಿಕೊಂಡು ಓಡಾಡಿದ್ದೆ.

ನಾನು ವ್ಯಾನಿನಲ್ಲಿ ಕಾಲು ಚಾಚಿ ಶೇಂಗಾ ಸುಲಿಯುತ್ತ ಕುಳಿತೆ. ಅಲ್ತಾಫ ಹತ್ತು ಹೆಜ್ಜೆ ಆಚೆ ನಳದ ಹತ್ತಿರ ಹೋದ. ನಾಲ್ಕೈದು ಹೆಣ್ಣುಮಕ್ಕಳು ಕೊಡ ಹಿಡಿದು ನಿಂತಿದ್ದರು. ಒಬ್ಬ ಮುದುಕಿಯ ಮುಂದೆ ಫೋನ್ ಹಿಡಿದು ಅವನು ಕೇಳಿದ್ದು ನನಗೂ ಕೇಳಿಸಿತು.

“ಆಯಿ, ಈ ಕೂಸು ಯಾರ ಮನೀದು? ಮನಿಯಾಗ ಈಗ ಯಾರರೆ ದೊಡ್ಡವರು ಅದಾರೇನು?”

ಮುದುಕಿ ಫೋನನ್ನು ನೋಡಿದಳು. ಆಮೇಲೆ ಅಲ್ತಾಫನನ್ನು ನೋಡಿದಳು. ಆಮೇಲೆ ನಮ್ಮ ವ್ಯಾನನ್ನು ನೋಡಿದಳು.

“ಇಂಥ ಕೂಸು ನಮ್ಮೂರಾಗ ಇಲ್ಲ,” ಎಂದಳು. “ಯಾರ ಕೂಸಪ ಇದು? ಎಲ್ಲಿಂದ ತಂದೀರಿ?”

ಅಲ್ತಾಫ ನಕ್ಕು ಏನೋ ಹೇಳಲು ಹೋದ. ಅಷ್ಟರಲ್ಲಿ ಮುದುಕಿಯ ಹಿಂದಿದ್ದ ಒಬ್ಬಳು ಕೊಡವನ್ನು ಅಲ್ಲೇ ಬಿಟ್ಟು ಓಣಿಯೊಳಗೆ ಓಡಿದಳು. ಕೊಡ ಉರುಳಿತು. ನಳ ಸುರಿಯುತ್ತಲೇ ಇತ್ತು, ಯಾರೂ ಅದನ್ನು ಬಂದ್ ಮಾಡಲಿಲ್ಲ. ನನ್ನ ಬಾಯಲ್ಲಿದ್ದ ಶೇಂಗಾ ಬಾಯಲ್ಲೇ ಉಳಿಯಿತು.

ಮೊದಲು ಎಲ್ಲೋ ಬಾಗಿಲುಗಳ ಅಗಳಿ ಸರಿದವು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಳ್ಳುವ ಸದ್ದು. ಆಮೇಲೆ ಮೂರು ಓಣಿಗಳಿಂದ ಒಂದೇ ಸಲ, ಯಾರೂ ಕೂಗದೆ, ಯಾರೂ ಒಬ್ಬರನ್ನೊಬ್ಬರು ಕರೆಯದೆ, ಮಂದಿ ಬಂತು.

ಬಂತು ಎಂದೇ ಬರೆಯುತ್ತೇನೆ. ಅಂದು ನನ್ನ ಮನಸ್ಸಿನೊಳಗೂ ಆ ಮಾತು ಹಾಗೆಯೇ ಬಂತು. ಇಪ್ಪತ್ತೆರಡು ವರ್ಷ ಮುಖ ನೋಡಿ ಕ್ರಿಯಾಪದ ಹಚ್ಚಿದವನಿಗೆ ಒಂದು ಮುಖವೂ ಕಾಣಲಿಲ್ಲ. ನೂರಾರು ಕೈಗಳಿದ್ದವು, ಬಡಿಗೆಗಳಿದ್ದವು, ಎತ್ತಿ ಹಿಡಿದ ಫೋನುಗಳಿದ್ದವು. ಆದರೆ ಅದೆಲ್ಲ ಒಂದೇ ಮೈ, ಹೊಳೆಗೆ ಮಹಾಪೂರ ಬಂದಂತೆ. ಎರಡು ಸಾವಿರ ಮಂದಿ ಇತ್ತು. ಸರಿ, ಇನ್ನೂರು. ಅಲ್ತಾಫನನ್ನು ಕೇಳಿದರೆ ಅವನು ಬೇರೆ ಹೇಳಿಯಾನು, ಆದರೆ ಎಣಿಸುವ ಸ್ಥಿತಿಯಲ್ಲಿ ಅವನಿರಲಿಲ್ಲ. ನಾನು ವ್ಯಾನಿನ ಬಾಗಿಲು ತೆರೆಯುವಷ್ಟರಲ್ಲಿ ಅದು ಅವನನ್ನು ನುಂಗಿಬಿಟ್ಟಿತ್ತು.

ಹಿಂದಿನ ಬಾಗಿಲಿನ ಚಿಲಕ ಕಿತ್ತರು. ಮೇಲಿನ ಎರಡು ಬಂಡಲ್ ಹರಿದವು. ಹಿರೋಳ್ಳಿಯ ಕೂಸು, ಮಾದನಹಿಪ್ಪರಗಾದ ಕೂಸು, ಎರಡೂ ಕಿರೀಟ ಇಟ್ಟುಕೊಂಡು ನಗುತ್ತ ನೆಲದ ಮೇಲೆಲ್ಲ ಹರಡಿದವು.

“ಇಲ್ಲಿ ನೋಡ್ರೆಪ, ಕೂಸಿನ ಫೋಟೋದ ಗಂಟು. ಹೆಸರು ಬರದಾರ, ಊರು ಬರದಾರ.”

“ಲಿಸ್ಟ ಮಾಡ್ಕೊಂಡ ಬಂದಾವ ಮಕ್ಕಳು.”

“ನಿಮ್ಮೂರಿಂದು ಬಂಡಲ್ ಕೆಳಗದರಿ, ಓದಿ ನೋಡ್ರಿ,” ಎಂದು ನಾನು ಕೂಗಿದೆ. ನನ್ನ ದನಿ ಮೂರು ತಾಲ್ಲೂಕಿಗೆ ಕೇಳುವ ದನಿ. ಅಂದು ನನ್ನ ಪಕ್ಕದವನಿಗೂ ಕೇಳಲಿಲ್ಲ. ಯಾರೋ ನನ್ನ ಎರಡೂ ತೋಳು ಹಿಂದಕ್ಕೆ ತಿರುಚಿದರು. ಸಂದಿಯಲ್ಲಿ ಅಲ್ತಾಫ ಕಂಡ. ಅಂಗಿ ಹರಿದಿತ್ತು, ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತ್ತು. ಅವನ ಕೊರಳಪಟ್ಟಿ ಒಬ್ಬನ ಮುಷ್ಟಿಯಲ್ಲಿತ್ತು, ಇನ್ನೊಬ್ಬ ತಲೆಯ ಮೇಲೆ ಬಡಿಗೆ ಎತ್ತಿ ನಿಂತಿದ್ದ. ಇಂಥದ್ದು ಹೇಗೆ ಮುಗಿಯುತ್ತದೆ ಎಂಬುದನ್ನು ಫೋನಿನಲ್ಲಿ ನೋಡಿದ್ದೇನೆ. ಮುಗಿದ ಮೇಲೆ ಯಾರು ಹೊಡೆದರು ಎಂದರೆ ‘ಮಂದಿ ಹೊಡೀತ್ರಿ’ ಎನ್ನುತ್ತಾರೆ. ಅಲ್ತಾಫನ ಜೀವ ಹೋಗಲು ಉಳಿದದ್ದು ಇನ್ನು ನಾಲ್ಕು ಏಟು, ಬಹಳವೆಂದರೆ ಐದು.

ಬಡಿಗೆ ಹಿಡಿದ ಕೈಯನ್ನು ಬಿಟ್ಟು ನಾನು ಅದರ ಆಚೆ ನೋಡಿದೆ. ಹೇಗೋ ಕಷ್ಟಪಟ್ಟು ನೋಡಿದೆ. ಕೊರಳಿದೆ, ಗದ್ದವಿದೆ, ಗದ್ದದ ಮೇಲೆ ಒಂದು ಹಳೆಯ ಹೊಲಿಗೆಯ ಗುರುತಿದೆ. ಪತ್ರಿಕೆಯ ಮೇಲೆ ಹಾಕುವ ಫೋಟೋದಲ್ಲಿ ಆ ಗುರುತನ್ನು ತೆಗೆ ಎಂದು ಒಬ್ಬ ನನ್ನ ಪ್ರೆಸ್ಸಿನಲ್ಲಿ ಅರ್ಧ ದಿನ ಕುಳಿತಿದ್ದ.

“ಮಾಳಿಂಗ,” ಎಂದೆ. “ನೀ ಮಾಳಿಂಗ ಅಲ್ಲೇನು? ನಿನ್ನ ಲಗ್ನಪತ್ರಿಕೆ ನಾ ಮಾಡೇನಿ. ನಿನ್ನ ಸೋದರಮಾವ ಹಿರೋಳ್ಳಿ ಚಂದಪ್ಪ. ಹೆಣ್ಣಿನ ಕಡೆಯವರು ಮಾದನಹಿಪ್ಪರಗಾದವರು. ನಿಮ್ಮವ್ವನ ಹೆಸರು ಸಾಬವ್ವ, ಆಕಿ ಹೆಸರು ದೊಡ್ಡ ಅಕ್ಷರದಾಗ ಹಾಕು ಅಂತ ನೀನ ಹೇಳಿದ್ದಿ.”

ಬಡಿಗೆ ಅಲ್ಲೇ ನಿಂತಿತು. ಇಳಿಯಲಿಲ್ಲ, ನಿಂತಿತು.

“ಇಂವಗ ನಮ್ಮವ್ವನ ಹೆಸರು ಹ್ಯಾಂಗ ಗೊತ್ತು?” ಎಂದ ಅವನು, ಯಾರಿಗೂ ಅಲ್ಲದಂತೆ.

ನಾನು ಕೊರಳಪಟ್ಟಿ ಹಿಡಿದವನ ಕಡೆ ತಿರುಗಿದೆ. “ನೀ ಶರಫುದ್ದೀನ. ನಿನ್ನ ತಂಗಿ ನಿಕಾಹದ ದಾವತಿನ ಕಾರ್ಡು ನಾವ ಮಾಡೇವಿ. ನೀ ಕಾಲರ್ ಹಿಡದೀಯಲ್ಲ, ಆ ಅಲ್ತಾಫನ ಅದನ್ನ ಅಚ್ಚ ಹಾಕ್ಯಾನ. ಉರ್ದು ಅಕ್ಷರ ಕೂಡಿಸಿದವ ಅಂವ.”

ಹೆಸರು ಕರೆದ ಕಡೆಯಲ್ಲೆಲ್ಲ ಆ ದೊಡ್ಡ ಮೈ ಸೀಳಿ ಒಬ್ಬ ಮನುಷ್ಯ ಹೊರಬರುತ್ತಿದ್ದ. ಮುಂದಿನ ಸಾಲಿನಲ್ಲಿ ಆರು ಮಂದಿಗೆ ಮುಖ ಬಂತು, ಏಳು ಮಂದಿಗೆ ಬಂತು. ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಇನ್ನೂ ಐದು ನಿಮಿಷ ಸಿಕ್ಕಿದ್ದರೆ ಇಡೀ ಊರಿಗೆ ಬಳಗ ಹಚ್ಚುತ್ತಿದ್ದೆ, ಸುಳ್ಳಲ್ಲ.

ಸಿಗಲಿಲ್ಲ. ಹಿಂದಿನಿಂದ ಯಾರೋ ಒಬ್ಬ ಫೋನ್ ಎತ್ತಿ ಹಿಡಿದ. “ಹೆಸರು ಎಲ್ಲಾ ಗೊತ್ತಿರ್ತಾವ ಇಂಥವರಿಗೆ. ಇದನ್ನ ಕೇಳ್ರಿ ಮೊದಲ,” ಎಂದು ಒಂದು ವಾಯ್ಸ್ ಮೆಸೇಜ್ ಹಚ್ಚಿದ. ಎಲ್ಲರೂ ಫೋನಿನ ಕಡೆ ಕಿವಿ ಚಾಚಿದರು. ನಳದ ಸದ್ದು ಮತ್ತೆ ಕೇಳಿಸಿತು.

“ಅಣ್ಣಗಳಿರಾ, ಅಕ್ಕಗಳಿರಾ, ಹುಶಾರ್ ಇರ್ರಿ. ಮಕ್ಕಳ ಕಳ್ಳರ ಟೋಳಿ ನಮ್ಮ ಕಡೆ ಬಂದಾರ. ಒಬ್ಬಿಬ್ಬರಲ್ಲ, ಮುನ್ನೂರು ಮಂದಿ. ಬಿಳಿ ಗಾಡಿ ತೊಗೊಂಡು ತಿರಗಾಕತ್ತಾರ. ಕೈಯಾಗ ಕೂಸಿನ ಫೋಟೋ ಹಿಡಕೊಂಡು ಮನಿ ಕೇಳ್ತಾರ. ಅಫಜಲಪುರ ಕಡೆ ಒಂದು, ಜೇವರ್ಗಿ ಕಡೆ ಎರಡು ಕೂಸು ಹೋಗ್ಯಾವ. ನಾ ಕಣ್ಣಾರೆ ನೋಡೇನಿ.”

ಆ ದನಿ ನನ್ನದು.

ಎಂಟು ದಿನದ ಹಿಂದೆ ಬಳಗದ ಗುಂಪಿನಲ್ಲಿ ಯಾರೋ ಎರಡು ಸಾಲಿನ ಸುದ್ದಿ ಕಳಿಸಿದ್ದರು: ಎಲ್ಲೋ ದೂರದಲ್ಲಿ ಮಕ್ಕಳ ಕಳ್ಳರಿದ್ದಾರಂತೆ. ಸುದ್ದಿ ಬಡಕಲಾಗಿತ್ತು. ಬಡಕಲು ಕಂಡರೆ ಕೊಬ್ಬಿಸುವುದು ನನ್ನ ಕಸುಬು. ಎದುರಿಗೆ ಅಲ್ತಾಫ ಕಾಗದ ಕತ್ತರಿಸುತ್ತಿದ್ದ, ಪರದೆಯ ಮೇಲೆ ಶಿವರಾಯನ ಕೂಸು ಕಿರೀಟಕ್ಕಾಗಿ ಕಾಯುತ್ತಿತ್ತು, ಹೊರಗೆ ನಮ್ಮ ಬಿಳಿ ವ್ಯಾನು ನಿಂತಿತ್ತು. ಅವನನ್ನು ಕಾಡಿಸಲೆಂದು, ಅವನ ಕಡೆ ಕಣ್ಣು ಹೊಡೆಯುತ್ತಲೇ ಎಲ್ಲವನ್ನೂ ಅದರಲ್ಲಿ ಸೇರಿಸಿದೆ. ಟೋಳಿ ಬಂದಾರ. ಅಲ್ಲಿಯೂ ನನ್ನ ನಿಯಮವನ್ನು ಬಿಟ್ಟಿರಲಿಲ್ಲ. ಇಲ್ಲದ ಮುನ್ನೂರು ಮಂದಿಗೆ ಮುಖ ಕೊಟ್ಟಿದ್ದೆ. “ಬ್ಯಾಡ ಕಲ್ಲಣ್ಣ, ಕಳಸಬ್ಯಾಡ,” ಎಂದಿದ್ದ ಅಲ್ತಾಫ. ಅಷ್ಟು ಚೆಂದದ ಮಾತನ್ನು ಕಳಿಸದೆ ಇರುವುದು ನನ್ನಿಂದ ಆಗಿರಲಿಲ್ಲ.

ಈಗ ಅಲ್ತಾಫ ತೆರೆದಿದ್ದ ಒಂದೇ ಕಣ್ಣಿನಿಂದ ನನ್ನನ್ನು ನೋಡಿದ. ಅವನಿಗೆ ಗೊತ್ತಿತ್ತು. ಒಂದು ಮಾತು ಹೇಳಿದರೆ ಬಡಿಗೆಗಳು ಅವನನ್ನು ಬಿಟ್ಟು ನನ್ನ ಕಡೆ ಬರುತ್ತಿದ್ದವು. ಅವನು ಹೇಳಲಿಲ್ಲ.

“ಕೇಳಿದ್ರೆಲ್ಲ? ಬಿಳಿ ಗಾಡಿ, ಕೂಸಿನ ಫೋಟೋ,” ಎಂದಿತು ಆ ಮಂದಿ. ಇಷ್ಟು ಹೊತ್ತು ಹೊರಗೆ ಬಂದಿದ್ದ ಮುಖಗಳು ಒಂದೊಂದಾಗಿ ಮತ್ತೆ ಒಳಗೆ ಮುಳುಗಿದವು. ಮಾಳಿಂಗನ ಗದ್ದದ ಗುರುತೂ ಕಾಣದಾಯಿತು.

ಸುಮ್ಮನಿದ್ದರೆ ಬದುಕುತ್ತೇನೆ ಎಂಬುದು ಸ್ಪಷ್ಟವಾಗಿ ಹೊಳೆಯಿತು. ನನ್ನನ್ನು ಹಿಡಿದವರ ಕೈ ಸಡಿಲವಾಗಿತ್ತು. ಎಲ್ಲರ ಕಣ್ಣೂ ಫೋಟೋ ತೋರಿಸಿದವನ ಮೇಲೆಯೇ ಇತ್ತು. ಹಾಗೆ ಹೊಳೆದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಬೇರೆಯವರು ಎರಡು ಉಸಿರಿನ ಹೊತ್ತು ಎಂದಾರು. ನಾನು ಅಷ್ಟು ಹೊತ್ತಿನಲ್ಲಿ ಪೂರ್ತಿ ಮುದುಕನಾದೆ.

“ಅದು ನನ್ನ ದನಿ,” ಎಂದೆ.

ಯಾರಿಗೂ ಕೇಳಲಿಲ್ಲ. ಮತ್ತೆ ಹೇಳಿದೆ. ಮೂರನೆಯ ಸಲ ಕೂಗಿದೆ. “ಅದು ನಂದ ದನಿ. ನಾ ಕಳಿಸೇನಿ. ಎಲ್ಲಾ ಸುಳ್ಳು. ಒಂದ ಕೂಸೂ ಹೋಗಿಲ್ಲ, ಒಬ್ಬ ಕಳ್ಳನೂ ಬಂದಿಲ್ಲ. ಸುಮ್ನ ಮಾತಿಗೆ ಮಾತು ಕೂಡಿಸೇನಿ.”

“ಇಂವನ್ನ ಬಿಡಸ್ಲಾಕ ಬಂಡಲ್ ಬಿಡಾಕತ್ತಾನ,” ಎಂದ ಮಾಳಿಂಗ. “ಸುಳ್ಳ ನಾನ ಹೇಳೇನಿ ಅಂತ ಯಾಂವರೆ ಒಪ್ಪತಾನೇನು?”

“ಖರೆನ ಹೇಳಾಕತ್ತೇನಿ.”

“ಹಂಗಾರ ಹೇಳು. ಅದರಾಗ ಹ್ಯಾಂಗದ ಹಂಗ ಹೇಳು. ಒಂದ ಅಕ್ಷರ ತಪ್ಪಿದ್ರ ಇಂವನ ತಲಿ ನಿನ್ನ ಮುಂದ ಒಡಿತೇನಿ.”

ಬಡಿಗೆ ಅಲ್ತಾಫನ ತಲೆಗೆ ತಾಗಿ ನಿಂತಿತು. ನಾನು ಬಾಯಿ ತೆರೆದೆ. ‘ಅಣ್ಣಗಳಿರಾ’ ಎಂಬುದು ಇಲಿಯ ಕೀಚಿನಂತೆ ಹೊರಬಂತು. ಯಾರೋ ಉಗುಳಿದರು. ಬಡಿಗೆ ಒಂದು ಗೇಣು ಮೇಲೆದ್ದಿತು. ಕಣ್ಣು ಮುಚ್ಚಿ ಪ್ರೆಸ್ಸಿನಲ್ಲಿ ಕುಳಿತಿದ್ದೇನೆ ಎಂದುಕೊಂಡೆ, ಅಲ್ತಾಫ ಕಾಗದ ಕತ್ತರಿಸುತ್ತಿದ್ದಾನೆ ಎಂದುಕೊಂಡೆ. “ಅಣ್ಣಗಳಿರಾ, ಅಕ್ಕಗಳಿರಾ, ಹುಶಾರ್ ಇರ್ರಿ.” ಈ ಸಲ ದನಿ ಬಂತು. ಫೋನ್ ಹಿಡಿದಿದ್ದವನು ಮುಂದೆ ಬಂದು, ನನ್ನ ಕಿವಿಯ ಹತ್ತಿರ ಅದನ್ನೂ ಹಚ್ಚಿದ. ಇಬ್ಬರು ಕಲ್ಲಿನಾಥರು ಕೂಡಿ ಮಾತಾಡತೊಡಗಿದೆವು. ಅವನು ಹುರುಪಿನಿಂದ ಹೇಳುತ್ತಿದ್ದ, ನಾನು ಅಳುತ್ತ ಹೇಳುತ್ತಿದ್ದೆ. ‘ನಾ ಕಣ್ಣಾರೆ ನೋಡೇನಿ’ ಎಂಬಲ್ಲಿಗೆ ಇಬ್ಬರೂ ಒಟ್ಟಿಗೆ ಬಂದು ನಿಂತೆವು.

ಕಣ್ಣು ತೆರೆದಾಗ ಮಾಳಿಂಗನ ಬಡಿಗೆ ಕೆಳಗಿತ್ತು. ಶರಫುದ್ದೀನ ಕೊರಳಪಟ್ಟಿ ಬಿಟ್ಟಿದ್ದ, ಆದರೆ ಅವನ ಬೆರಳುಗಳು ಹಿಡಿದ ಹಾಗೆಯೇ ಮಡಚಿಕೊಂಡಿದ್ದವು. ಅಲ್ತಾಫ ನೆಲಕ್ಕೆ ಕುಸಿದು ಕುಳಿತ.

ಮೊದಲು ನನ್ನ ಹತ್ತಿರ ಬಂದವಳು ನಳದ ಹತ್ತಿರವಿದ್ದ ಆ ಮುದುಕಿ. ಅವಳ ಹೆಸರು ನಿಂಬೆವ್ವ.

“ಎಂಟ ದಿನ ಆತಲೇ,” ಎಂದಳು. “ಮೊಮ್ಮಗನ್ನ ಒಳಗ ಹಾಕಿ ಕೀಲಿ ಹಾಕೇನಿ. ಈ ಬಿಸಲಾಗ. ಕೂಸಿನ ಮೈಯೆಲ್ಲಾ ಬೆವರಗುಳ್ಳಿ ಎದ್ದಾವ. ರಾತ್ರಿ ನಿದ್ದಿ ಇಲ್ಲ, ಸಪ್ಪಳಾದ್ರ ಎದ್ದು ಕುಂದರ್ತೇನಿ.”

ಕೈಯೆತ್ತಿ ಕೆನ್ನೆಗೆ ಬಾರಿಸಿದಳು. ಆಮೇಲೆ ಮಾಳಿಂಗನೂ ಬಾರಿಸಿದ, ಇನ್ನೊಬ್ಬನೂ ಬಾರಿಸಿದ. ಮುನ್ನೂರು ಏಟು ಬಿದ್ದವು ಎಂದು ಬರೆಯಲು ಕೈ ತುರಿಸುತ್ತದೆ. ಬಿದ್ದದ್ದು ಮೂರು.

ಕೆಳಗಿದ್ದ ಬಂಡಲ್ ಬಿಚ್ಚಿ ಶರಫುದ್ದೀನ ಪತ್ರಿಕೆ ಓದಿದ. ಶಿವರಾಯನ ಹೆಸರು ಬಂತು. ಅದರ ಮೇಲೆ ಅವನ ತಾಯಿಯ ಹೆಸರು ಬಂತು: ನಿಂಬೆವ್ವ. ಮುದುಕಿ ಪತ್ರಿಕೆಯನ್ನು ಕಸಿದುಕೊಂಡು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು.

“ಇದು ನಮ್ಮ ಕೂಸೇನು?” ಎಂದಳು. “ಇದರ ಮಾರಿ ಎಲ್ಲಿ ಹೋತು?”

ಮಗ ಶಿವರಾಯ ಜೇವರ್ಗಿಗೆ ಸಂತೆಗೆ ಹೋಗಿದ್ದನಂತೆ, ಫೋನಿನ ಚಾರ್ಜು ತೀರಿತ್ತಂತೆ. ಈಗ ಎಲ್ಲರೂ ಒಂದೊಂದು ಮಾತು ಹೇಳತೊಡಗಿದರು. ಯಾರೋ ಚೊಂಬಿನಲ್ಲಿ ನೀರು ತಂದರು. ಯಾರೋ ಅರಿಶಿನ ತಂದರು. ಮಾಳಿಂಗ ತನ್ನ ದಸ್ತಿಯನ್ನು ನೀರಲ್ಲಿ ಅದ್ದಿ, “ಹುಬ್ಬು ಒರಸ್ಕೋ ತಮ್ಮಾ,” ಎಂದು ಅಲ್ತಾಫನ ಮುಂದೆ ಹಿಡಿದ. ಅಲ್ತಾಫ ಆ ಕೈಯನ್ನು ನೋಡಿ ಹಿಂದಕ್ಕೆ ಸರಿದ. ನೀರನ್ನೂ ಮುಟ್ಟಲಿಲ್ಲ.

ನಾನು ಅಷ್ಟಕ್ಕೆ ಮುಗಿಯಿತು ಎಂದುಕೊಂಡೆ. ಶರಫುದ್ದೀನ ನೆಲ ನೋಡುತ್ತ ಹೇಳಿದ:

“ನೀವ್ ಬಂದ ಕೂಡ್ಲೆ ನಿಮ್ಮ ಗಾಡಿ ಫೋಟೋ ಹೊಡದು ಮುಂದಿನ ಊರಾಗಿನ ನಮ್ಮ ಭಾವಗ ಕಳಿಸೇನ್ರಿ. ಇಲ್ಲಿಂದ ತಪ್ಪಿಸ್ಕೊಂಡ್ರ ಅಲ್ಲಿ ಹಿಡೀರಿ ಅಂತ. ಅಂವ ಹೊಳಿ ದಂಡಿ ಊರಿಗೂ ಕಳಿಸಿರಬೇಕು.”

ಭಾವನಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ನಾನು ಬಳಗದ ಗುಂಪಿನಲ್ಲಿ ಹೊಸ ಮೆಸೇಜ್ ಹಾಕಿದೆ: ಹಿಂದಿನದು ಸುಳ್ಳು, ಹೇಳಿದವನು ನಾನೇ. ಹತ್ತು ನಿಮಿಷ ನೋಡಿದೆ. 'ಬಂದಾರ' ಎಂದಾಗ ಒಂದು ಗಳಿಗೆಯಲ್ಲಿ ಮೂರು ತಾಲ್ಲೂಕು ಸುತ್ತಿದ್ದ ದನಿ, 'ಬಂದಿಲ್ಲ' ಎಂದಾಗ ಅಲ್ಲೇ ಕುಳಿತಿತ್ತು. ಪೊಲೀಸರಿಗೆ ಫೋನ್ ಮಾಡಿದೆವು. ಬರುತ್ತೇವೆ, ಇದ್ದಲ್ಲೇ ಇರಿ ಎಂದರು.

“ನಾ ಇಲ್ಲಿ ಕೂಡಂಗಿಲ್ಲ,” ಎಂದ ಅಲ್ತಾಫ. ಏಟು ಬಿದ್ದ ಮೇಲೆ ಅದು ಅವನ ಮೊದಲ ಮಾತು.

“ನಾವು ನಾಲ್ಕ ಮಂದಿ ಜೋಡಿ ಬರ್ತೇವಪ,” ಎಂದ ಮಾಳಿಂಗ. “ಹೊಳಿ ತನ ಬಿಟ್ಟ ಬರ್ತೇವಿ.”

“ನೀವ್ ಬ್ಯಾಡ.”

ಅವನು ಒಂದು ಕೈಯಿಂದಲೇ ವ್ಯಾನಿನ ಬಾಗಿಲು ತೆರೆದು ಕುಳಿತ. ಇನ್ನೊಂದು ಕೈ ಮೇಲೇಳುತ್ತಿರಲಿಲ್ಲ. ನಾನು ಆಚೆ ಬದಿಯ ಬಾಗಿಲಿಗೆ ಕೈ ಹಾಕಿದೆ. ಒಳಗಿನಿಂದ ಅಗಳಿ ಬಿತ್ತು. ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯಿತು.

“ಒಳಗ ಹತ್ತಬ್ಯಾಡ,” ಎಂದ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಬಾಯಲ್ಲಿ ಅಣ್ಣ ಇರಲಿಲ್ಲ. “ನಿನ್ನ ದನಿ ಮುಂದ ಹೋಗ್ಯಾದ. ನೀನೂ ಮುಂದ ನಡಿ.”

ನಡೆದೆ. ಗದ್ದಲದಲ್ಲಿ ಚಪ್ಪಲಿ ಹೋಗಿದ್ದವು; ಡಾಂಬರು ಕಾದ ಹೆಂಚಿನಂತಿತ್ತು. ನೂರು ಹರದಾರಿ ಎಂದು ನನ್ನ ಕಾಲು ಈಗಲೂ ಆಣೆ ಇಟ್ಟು ಹೇಳುತ್ತದೆ. ಎರಡು ಊರು, ಏಳು ಕಿಲೋಮೀಟರು. ಹಿಂದೆ ವ್ಯಾನು ಆಳು ನಡೆದಷ್ಟೇ ಮೆಲ್ಲಗೆ ಬರುತ್ತಿತ್ತು. ಅದರ ಬಿಸಿ ಬೆನ್ನಿಗೆ ತಾಗುತ್ತಿತ್ತು.

ಮೊದಲ ಊರ ಅಗಸಿ ಬಾಗಿಲಲ್ಲಿ ಮಂದಿ ನಿಂತಿತ್ತು. ದೂರದಿಂದ ಮತ್ತೆ ಆ ಒಂದೇ ಮೈ. ನಾನು ಎರಡೂ ಕೈ ಮೇಲೆತ್ತಿ, ಕೂಗಿ ಹೇಳುತ್ತ ನಡೆದೆ: ನನ್ನ ಹೆಸರು ಕಲ್ಲಿನಾಥ, ಆ ಮೆಸೇಜಿನ ದನಿ ನನ್ನದು, ಅದು ಸುಳ್ಳು, ಹಿಂದಿನ ಗಾಡಿಯಲ್ಲಿರುವವನು ನನ್ನ ಮಷೀನಿನವನು. ಒಂದು ಕಲ್ಲು ಬಂತು, ಭುಜ ಸವರಿ ಹೋಯಿತು. ನಿಲ್ಲಲಿಲ್ಲ, ನಿಂತರೆ ವ್ಯಾನೂ ನಿಲ್ಲುತ್ತದೆ. ಅಲ್ಲಿಯೂ ಹೇಳಿಸಿದರು. ಅಣ್ಣಗಳಿರಾ, ಅಕ್ಕಗಳಿರಾ. ಕೊನೆಯ ತನಕ ಹೇಳಿಸಿ, ಫೋನಿನ ದನಿಗೆ ಹಿಡಿದು ನೋಡಿ, ದಾರಿ ಬಿಟ್ಟರು. ಹೊಳೆ ದಂಡೆಯ ಊರಲ್ಲಿ ಎರಡು ಸಲ ಹೇಳಿಸಿದರು. ಒಬ್ಬ ವಿಡಿಯೋ ಮಾಡಿಕೊಂಡ. ಅಲ್ಲಿ ನನ್ನ ದನಿ ಒಡೆದು ಗಾಳಿಯಷ್ಟೇ ಉಳಿದಿತ್ತು, ಆದರೂ ಗುರುತು ಹತ್ತಿತು.

ಭೀಮಾ ಹೊಳೆಯ ಸೇತುವೆ ಬಂತು. ಅದರ ಆಚೆ ಅಫಜಲಪುರದ ರಸ್ತೆ, ಬಸ್ಸು, ದವಾಖಾನೆ. ನಾನು ಬದಿಗೆ ಸರಿದು ಕಟ್ಟೆ ಹಿಡಿದು ನಿಂತೆ. ವ್ಯಾನು ನನ್ನ ಪಕ್ಕಕ್ಕೆ ಬಂತು. ಅಲ್ತಾಫ ಮುಂದೆ ನೋಡುತ್ತಿದ್ದ. ಹುಬ್ಬಿನ ರಕ್ತ ಒಣಗಿ ಕಪ್ಪಾಗಿತ್ತು. ಗೇರು ಬದಲಾದ ಸದ್ದು ಕೇಳಿತು, ವ್ಯಾನು ನನ್ನನ್ನು ದಾಟಿ ಓಡಿತು. ಹಿಂದಿನ ಬಾಗಿಲು ಅತ್ತಿತ್ತ ಬಡಿದುಕೊಳ್ಳುತ್ತಿತ್ತು. ಸೇತುವೆಯ ಆಚೆ ತುದಿ ಮುಟ್ಟಿತು, ತಿರುವಿನಲ್ಲಿ ಮರೆಯಾಯಿತು. ಅವನು ಬದುಕಿ ದಾಟಿದ.

ನಿಲ್ಲು ಎಂದು ಕೂಗಲು ಬಾಯಿ ತೆರೆದೆ. ಹಿಂದೆ ಊರು ಇನ್ನೂ ದಂಡೆಯ ಮೇಲೆ ನಿಂತಿತ್ತು. ಕೇಳಿಸಿಕೊಂಡು ಮತ್ತೆ ಗಾಡಿಯ ಬೆನ್ನು ಹತ್ತೀತು ಎಂದು ಬಾಯಿ ಮುಚ್ಚಿದೆ.